ಜಾಲಿಯ ಕುಲ ಯಾವುದು?

ಬೆಳ್ಳಾವಿ, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ‘ಜಾಲಿ’ ಎಂದರೆ ಏನು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೆರೆ ಅಂಗಳ, ಹೊಲದ ಬದು, ಗೋಮಾಳ, ಹಳ್ಳದ ದಂಡೆ ಎಲ್ಲೆಲ್ಲೂ ಅದೇ ಮರ. ಬೇಲಿಗೆ ಜಾಲಿಮುಳ್ಳು, ನೇಗಿಲಿಗೆ ಜಾಲಿಕೊರಡು, ಹಲ್ಲುಜ್ಜಲು ಜಾಲಿಕಡ್ಡಿ, ಬೇಸಿಗೆಯಲ್ಲಿ ಆಡುಕುರಿಗೆ ಜಾಲಿಕಾಯಿ. ಚರ್ಮ ಹದಮಾಡಲು ಅದರ ತೊಗಟೆ ಬೇಕಿತ್ತು, ಅಂಟಿಗೆ ಅದರ ಗೋಂದು ಬೇಕಿತ್ತು. ಇಷ್ಟೆಲ್ಲ ಕೆಲಸಕ್ಕೆ ಒದಗುವ ಮರದ ಹೆಸರು ಬಾಯಿಂದ ಬಾಯಿಗೆ ಬರುತ್ತ ಸವೆಯದೆ ಉಳಿದಿದೆ.

ಈ ಮರಕ್ಕೆ ನಮ್ಮಲ್ಲಿ ಗೊಬ್ಬಳಿ ಎಂಬ ಇನ್ನೊಂದು ಹೆಸರೂ ಉಂಟು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಜಾಲಿ, ಗೊಬ್ಬಳಿ ಎರಡೂ ಇವೆ. ಅಲ್ಲಿ ಸಸ್ಯಶಾಸ್ತ್ರದ ಗುರುತಾಗಿ ಕೊಟ್ಟಿರುವುದು ‘ಅಕೇಶಿಯಾ ಅರಾಬಿಕಾ’ ಎಂಬ ಲ್ಯಾಟಿನ್ ಹೆಸರು. ಇಂದು ಅದೇ ಪುಟ ತೆರೆದರೆ ಕನ್ನಡದ ಪದ ಹೊಸದಾಗಿ ಬರೆದಂತಿದೆ, ಲ್ಯಾಟಿನ್ ಹೆಸರು ಮಾತ್ರ ಎರಡು ಸಲ ಹಳತಾಗಿದೆ. ಮೊದಲು ‘ಅರಾಬಿಕಾ’ ಹೋಗಿ ‘ನಿಲೋಟಿಕಾ’ ಬಂತು. ಆಮೇಲೆ ‘ಅಕೇಶಿಯಾ’ ಎಂಬ ಕುಲನಾಮವೇ ಹೋಗಿ, ಇಂದು ಸಸ್ಯಶಾಸ್ತ್ರಜ್ಞರ ಪಟ್ಟಿಯಲ್ಲಿ ನಮ್ಮ ಕರಿಜಾಲಿ ‘ವಚೆಲಿಯಾ ನಿಲೋಟಿಕಾ’.

ಜಾಲಿ ಎಂಬ ಸದ್ದಿಗೆ ಕನ್ನಡದಲ್ಲಿ ಬೇರೆ ನೆಲೆಗಳೂ ಇವೆ. ಕಿಟಕಿಗೆ ಹಾಕುವ ಜಾಲಿ ಹಿಂದಿಯ ದಾರಿಯಿಂದ ಬಂದದ್ದು, ಹುಡುಗರ ಬಾಯಲ್ಲಿ ಮೋಜು ಎಂಬರ್ಥದ ಜಾಲಿ ಇಂಗ್ಲಿಷಿನಿಂದ ಬಂದದ್ದು. ಮರದ ಜಾಲಿಗೂ ಅವಕ್ಕೂ ನೆಂಟಸ್ತಿಕೆಯಿಲ್ಲ. ಉತ್ತರ ಕರ್ನಾಟಕದ ಜಾಲಿಹಾಳ ಎಂಬಂಥ ಊರ ಹೆಸರುಗಳಲ್ಲಿ ಕೇಳಿಸುವುದು ಮರದ ಜಾಲಿಯೇ. ದಾಸಸಾಹಿತ್ಯವೂ ಇದನ್ನು ಬಲ್ಲದು. ಪುರಂದರದಾಸರ ಕೀರ್ತನೆಯೊಂದು ದುರ್ಜನರನ್ನು ಜಾಲಿಮರಕ್ಕೆ ಹೋಲಿಸುತ್ತದೆ. ನೆರಳು, ಹಣ್ಣು ಬಯಸಿ ಬಂದ ದಾರಿಹೋಕನ ಕಣ್ಣಿಗೆ ಜಾಲಿ ಹಾಗೆ ಕಂಡೀತು. ಆಡು ಕಾಯುವವರ ಲೆಕ್ಕವೇ ಬೇರೆ. ಹುಲ್ಲು ಒಣಗಿದ ತಿಂಗಳುಗಳಲ್ಲಿ ಅವರ ಹಟ್ಟಿಯನ್ನು ಬದುಕಿಸಿರುವುದು ಜಾಲಿಯ ಕಾಯಿ, ಸೊಪ್ಪು. ಆಡು ತಿಂದ ಕಾಯಿಯ ಬೀಜ ಹಿಕ್ಕೆಯಲ್ಲಿ ಹೊರಬಿದ್ದು, ರೊಪ್ಪದ ಗೊಬ್ಬರದ ಜತೆ ಹೊಲ ಸೇರಿ ಬದುವಿನಲ್ಲಿ ಮೊಳೆಯುತ್ತದೆ. ಮರ ಮಂದೆಯನ್ನು ಸಾಕುತ್ತದೆ, ಮಂದೆ ಮರವನ್ನು ಹರಡುತ್ತದೆ.

ಈ ಪದ ಒಂಟಿಯಾಗಿ ನಿಂತಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಕಪ್ಪು ತೊಗಟೆಯದು ಕರಿಜಾಲಿ, ಬೆಳ್ಳಗಿನ ತೊಗಟೆಯದು ಬಿಳಿಜಾಲಿ, ಹೂವು ಘಮ್ಮೆನ್ನುವುದು ಕಸ್ತೂರಿಜಾಲಿ. ಪಾವಗಡದ ಕಡೆ ಹೋದರೆ ತೆಲುಗು ಮನೆಮಾತಿನವರು ಕರಿಜಾಲಿಗೆ ನಲ್ಲತುಮ್ಮ ಎನ್ನುತ್ತಾರೆ, ಬಿಳಿಜಾಲಿಗೆ ತೆಲ್ಲತುಮ್ಮ. ತಮಿಳಿನಲ್ಲಿ ಕರುವೇಲ, ವೆಳ್ವೇಲ. ಮೂರು ಭಾಷೆಗಳಲ್ಲಿ ಮೂಲಪದ ಬೇರೆ ಬೇರೆ, ಹೆಸರಿಡುವ ಕ್ರಮ ಒಂದೇ: ಗುಂಪಿಗೆ ಒಂದು ಹೆಸರು, ಅದರೊಳಗಿನ ಒಂದೊಂದಕ್ಕೂ ಒಂದು ವಿಶೇಷಣ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆಲ್ಲ ನಿಯಮ ಮಾಡಿಟ್ಟ ಜೋಡಿಹೆಸರಿನ ಪದ್ಧತಿಯ ತಿರುಳೂ ಇದೇ. ಅಲ್ಲಿ ಕುಲ ಮೊದಲು ಬಂದು ವಿಶೇಷಣ ಹಿಂದಿರುತ್ತದೆ, ನಮ್ಮಲ್ಲಿ ವಿಶೇಷಣ ಮುಂದಿರುತ್ತದೆ.

ಅದೇ 1753ರಲ್ಲಿ ತಂದ ತನ್ನ ಪುಸ್ತಕದಲ್ಲಿ ಲಿನೇಯಸ್ ಈ ಮರವನ್ನು ನಾಚಿಕೆಮುಳ್ಳಿನ ಕುಲಕ್ಕೆ ಸೇರಿಸಿ ‘ಮಿಮೋಸಾ ನಿಲೋಟಿಕಾ’ ಎಂದು ಕರೆದ. ನೈಲ್ ನದಿಯ ಸೀಮೆಯದು ಎಂಬ ಅರ್ಥದಲ್ಲಿ ನಿಲೋಟಿಕಾ. ಮರುವರ್ಷವೇ ಲಂಡನ್ನಿನ ತೋಟಗಾರ ಫಿಲಿಪ್ ಮಿಲ್ಲರ್ ‘ಅಕೇಶಿಯಾ’ ಎಂಬ ಪ್ರತ್ಯೇಕ ಕುಲವನ್ನು ಹೇಳಿದ. ಪದ ಹೊಸದಲ್ಲ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಈಜಿಪ್ಟಿನ ಮುಳ್ಳುಮರವೊಂದಕ್ಕೆ ಬಳಸಿದ ‘ಅಕಾಕಿಯಾ’ ಎಂಬುದೇ ಅದು. ಮುಂದೆ ಈ ಕುಲದ ಹೆಸರಿಗೆ ಮಾದರಿ ಎಂದು ವಿದ್ವಾಂಸರು ಗೊತ್ತುಮಾಡಿದ್ದೂ ಇದೇ ನಿಲೋಟಿಕಾವನ್ನು, ಅಂದರೆ ನಮ್ಮ ಕರಿಜಾಲಿಯ ಪ್ರಭೇದವನ್ನು.

ಮಾದರಿ ಎನ್ನುವುದು ಇಲ್ಲಿ ನಾಮಕರಣದ ಕಾನೂನು. ಒಂದು ಕುಲ ಒಡೆದು ಹೋಳಾದರೆ ಹಳೆಯ ಹೆಸರು ಮಾದರಿ ಪ್ರಭೇದ ಇರುವ ಹೋಳಿಗೆ ಸಲ್ಲುತ್ತದೆ, ಉಳಿದವಕ್ಕೆ ಬೇರೆ ಹೆಸರು ಹುಡುಕಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಹೂವಿನಲ್ಲಿ ಬಿಡಿಬಿಡಿಯಾದ ಹತ್ತಾರು ಕೇಸರಗಳಿರುವ ಮರಗಿಡಗಳನ್ನೆಲ್ಲ ಅಕೇಶಿಯಾಕ್ಕೆ ತುಂಬಿದರು. ಆಸ್ಟ್ರೇಲಿಯಾದ ಮರಗಳೂ ಆಫ್ರಿಕಾದ, ಭಾರತದ ಮುಳ್ಳುಮರಗಳೂ ಅಮೆರಿಕದವೂ ಒಂದೇ ಮನೆಯವಾದವು. ಇಪ್ಪತ್ತನೆಯ ಶತಮಾನದ ಕೊನೆಗೆ ಡಿಎನ್ಎ ಪರೀಕ್ಷೆ ಬಂದಾಗ ಇದು ಒಂದು ವಂಶವಲ್ಲ ಎಂದು ತಿಳಿಯಿತು. ಒಡೆಯದೆ ಬೇರೆ ದಾರಿಯಿರಲಿಲ್ಲ. ನಿಯಮದಂತೆ ನಡೆದಿದ್ದರೆ ‘ಅಕೇಶಿಯಾ’ ಕರಿಜಾಲಿಯ ಹೋಳಿಗೆ ಉಳಿಯಬೇಕಿತ್ತು.

ಹಾಗಾಗಲಿಲ್ಲ. ಆಸ್ಟ್ರೇಲಿಯಾದ ಹೋಳಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಜಾಲಿಯ ಹೋಳಿನಲ್ಲಿ ಸುಮಾರು 160. ಅಷ್ಟೊಂದು ಗಿಡಗಳ ಹೆಸರು ಬದಲಿಸುವ ಬದಲು ಮಾದರಿಯನ್ನೇ ಬದಲಿಸಿ, ಆಸ್ಟ್ರೇಲಿಯಾದ ಪ್ರಭೇದವೊಂದನ್ನು ಅಲ್ಲಿಡೋಣ ಎಂದು 2003ರಲ್ಲಿ ಆರ್ಚರ್ಡ್ ಮತ್ತು ಮಾಸ್ಲಿನ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞರು ಸೂಚಿಸಿದರು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಇದಕ್ಕೆ ಮತ ಹಾಕಿದರು. ಬದಲಾವಣೆ ಬೇಡ ಎಂದವರೇ ಹೆಚ್ಚಿದ್ದರು. ಆದರೆ ನಾಮಕರಣದ ಸಮಿತಿ ಒಪ್ಪಿದ ಸೂಚನೆಯನ್ನು ತಳ್ಳಿಹಾಕಲು ಬೇಕಿದ್ದ ಶೇ 60ರಷ್ಟು ಮತ ಅವರಿಗೆ ಸಿಗಲಿಲ್ಲ. ಆಫ್ರಿಕಾದ ಬಯಲುಗಳ ಗುರುತೇ ಆಗಿದ್ದ ಹೆಸರನ್ನು ಬಿಟ್ಟುಕೊಡಲು ಅಲ್ಲಿನವರು ಸಿದ್ಧರಿರಲಿಲ್ಲ. ವಾದ ಆರು ವರ್ಷ ನಡೆಯಿತು. 2011ರ ಮೆಲ್ಬರ್ನ್ ಸಮ್ಮೇಳನ ಹಳೆಯ ತೀರ್ಮಾನವನ್ನೇ ಎತ್ತಿಹಿಡಿಯಿತು.

ಜಾಲಿಯ ಗುಂಪಿಗೆ ಸಿಕ್ಕಿದ ‘ವಚೆಲಿಯಾ’ಕ್ಕೆ ದಕ್ಷಿಣ ಭಾರತದ ನಂಟಿದೆ. ರಾಬರ್ಟ್ ವೈಟ್ ಮದರಾಸಿನ ಕಡೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದವನು. ಅವನು ಸಸ್ಯಶಾಸ್ತ್ರಜ್ಞ ವಾಕರ್-ಆರ್ನಟ್ ಜತೆ ಸೇರಿ ನಮ್ಮ ಪರ್ಯಾಯದ್ವೀಪದ ಸಸ್ಯಗಳ ಮೇಲೆ 1834ರಲ್ಲಿ ತಂದ ಪುಸ್ತಕದಲ್ಲೇ ಈ ಕುಲ ಮೊದಲು ಕಾಣಿಸಿಕೊಂಡದ್ದು, ಅದೂ ಕಸ್ತೂರಿಜಾಲಿಯನ್ನು ಮುಂದಿಟ್ಟುಕೊಂಡು. ಮಕಾವಿನಲ್ಲಿ ಕಂಪನಿಯ ಪಾದ್ರಿಯಾಗಿದ್ದು ಚೀನಾದ ಗಿಡಗಳನ್ನು ಕೂಡಿಹಾಕಿದ ವಾಚೆಲ್ ಎಂಬವನ ನೆನಪಿಗೆ ಈ ಹೆಸರು. ಬಹುಕಾಲ ಯಾರೂ ಬಳಸದೆ ಬಿದ್ದಿದ್ದ ಅದು ಈಗ ಎದ್ದು ನಿಂತಿದೆ. ಮೂರನೆಯ ಹೋಳಿಗೆ ‘ಸೆನೆಗಾಲಿಯಾ’ ಎಂಬ 1838ರ ಹೆಸರು ಬಂತು. ನಮ್ಮ ಕಗ್ಗಲಿ ಮತ್ತು ಸೀಗೆ ಅದರೊಳಗಿವೆ.

ಕನ್ನಡದ ಸೂಕ್ಷ್ಮ ಕಾಣುವುದು ಇಲ್ಲಿಯೇ. ಮೂರು ಹೋಳಿಗೂ ಒಂದೇ ಲ್ಯಾಟಿನ್ ಹೆಸರಿದ್ದ ಕಾಲದಲ್ಲೂ ನಮ್ಮವರು ಕಗ್ಗಲಿಯನ್ನು ಜಾಲಿ ಎನ್ನಲಿಲ್ಲ, ಸೀಗೆಯನ್ನು ಜಾಲಿ ಎನ್ನಲಿಲ್ಲ. ದೇವರಾಯನದುರ್ಗದ ಕುರುಚಲು ಕಾಡಿನ ಅಂಚಿನಲ್ಲಿ ಕುರಿ ಮೇಯಿಸುವವರನ್ನು ಕೇಳಿ: “ಅಣ್ಣ, ಇದೂ ಜಾಲಿನೇ ಅಲ್ವಾ?” ಎಂದರೆ “ಎಲ್ಲಿಯ ಜಾಲಿ ಸ್ವಾಮಿ, ಕಗ್ಗಲಿ ಅದು, ಮುಳ್ಳು ನೋಡಬಾರದೇ?” ಎಂಬ ಉತ್ತರ ಬರುತ್ತದೆ.

ಆ ಮುಳ್ಳನ್ನು ಹತ್ತಿರದಿಂದ ನೋಡಬೇಕು. ಎಳೆಯ ಜಾಲಿಯ ರೆಂಬೆ ಹಿಡಿದರೆ ಎಲೆ ಹೊರಡುವ ಪ್ರತಿ ಗಿಣ್ಣಿನಲ್ಲೂ ಒಂದು ಜೊತೆ ಮುಳ್ಳು, ನೇರ, ಬೆಳ್ಳಗೆ, ಬೆರಳುದ್ದಕ್ಕೂ ಬೆಳೆಯುವಂಥದು. ಎಲೆತೊಟ್ಟಿನ ಇಕ್ಕೆಲದಲ್ಲಿ ಇರಬೇಕಾದ ಕಿರಿಯ ಎಲೆಗಳೇ ಹೀಗೆ ಮುಳ್ಳಾಗಿ ಗಟ್ಟಿಯಾಗಿವೆ. ಹೂವು ಅರಿಸಿನ ಬಣ್ಣದ ಪುಟ್ಟ ಗುಂಡು. ಕರಿಜಾಲಿಯ ಕಾಯಿ ಬೂದುಬಣ್ಣದ್ದು, ಮೈಮೇಲೆ ನವಿರು, ಬೀಜ ಬೀಜದ ನಡುವೆ ಹಿಸುಕಿದಂತೆ ಸಣ್ಣಗಾಗಿ ಮಣಿ ಪೋಣಿಸಿದ ಸರದಂತೆ ತೂಗುತ್ತದೆ. ಕಗ್ಗಲಿಯ ಮುಳ್ಳು ಗಿಡ್ಡ, ಕೆಳಕ್ಕೆ ಬಾಗಿದ ಕೊಕ್ಕೆ. ಅದು ಎಲೆಯಿಂದ ಆದದ್ದಲ್ಲ, ಸಿಪ್ಪೆಯಿಂದ ಎದ್ದದ್ದು. ಹೂವು ಗುಂಡಲ್ಲ, ಕೆನೆಬಣ್ಣದ ಉದ್ದನೆಯ ತೆನೆ. ಸೀಗೆ ಆ ಕೊಕ್ಕೆಮುಳ್ಳುಗಳನ್ನೇ ಊರಿ ಪಕ್ಕದ ಮರ ಹತ್ತುತ್ತದೆ. ಜಾಲಿಮುಳ್ಳು ಚುಚ್ಚುತ್ತದೆ, ಕಗ್ಗಲಿ ಮತ್ತು ಸೀಗೆ ಬಟ್ಟೆ ಹಿಡಿದು ಎಳೆಯುತ್ತವೆ. ಅವುಗಳ ನಡುವೆ ಓಡಾಡುವವರಿಗೆ ಈ ಭೇದ ಮೈಗೇ ಗೊತ್ತು. ವಚೆಲಿಯಾ ಮತ್ತು ಸೆನೆಗಾಲಿಯಾಗಳನ್ನು ಬೇರ್ಪಡಿಸುವಾಗ ಸಸ್ಯಶಾಸ್ತ್ರಜ್ಞರು ಮೊದಲು ನೋಡುವುದೂ ಮುಳ್ಳಿನ ಈ ಹುಟ್ಟನ್ನೇ.

ಆಸ್ಟ್ರೇಲಿಯಾದ ಹೋಳಿನ ಕತೆಯೂ ಇದಕ್ಕೆ ಹೊಂದುತ್ತದೆ. ಅರಣ್ಯ ಇಲಾಖೆ ರಸ್ತೆಬದಿಯಲ್ಲಿ, ನೆಡುತೋಪುಗಳಲ್ಲಿ ಬೆಳೆಸಿದ ಆಸ್ಟ್ರೇಲಿಯಾ ಮೂಲದ ಮರವನ್ನು ನಮ್ಮ ಜನ ‘ಅಕೇಶಿಯಾ’ ಎಂದೇ ಕರೆದರು, ಜಾಲಿ ಎಂದು ಕರೆಯಲಿಲ್ಲ. ಅದರ ಸಸಿಯಲ್ಲಿ ಮೊದಲು ಹುಟ್ಟುವ ಎಲೆಗಳು ಜಾಲಿಯಂತೆ ಗರಿಗರಿಯಾಗಿರುತ್ತವೆ. ಕೆಲವೇ ದಿನಗಳಲ್ಲಿ ಗರಿಗಳು ನಿಂತು ತೊಟ್ಟೇ ಅಗಲವಾಗಿ, ಕುಡುಗೋಲಿನಂತೆ ಬಾಗಿದ ಎಲೆಯ ರೂಪ ತಾಳುತ್ತದೆ. ದೊಡ್ಡ ಮರದಲ್ಲಿ ನಾವು ಎಲೆ ಎನ್ನುವುದು ನಿಜಕ್ಕೂ ತೊಟ್ಟು. ಮುಳ್ಳಿಲ್ಲ, ಗರಿಯೆಲೆಯಿಲ್ಲ, ಹಾಗಾಗಿ ಅದು ಜಾಲಿಯಾಗಲಿಲ್ಲ. ಲೋಕದ ಸಸ್ಯಶಾಸ್ತ್ರಜ್ಞರು ಅಷ್ಟು ಜಗಳವಾಡಿ ತಲುಪಿದ ಜಾಗದಲ್ಲಿ ಕನ್ನಡದ ಆಡುಮಾತು ಮೊದಲೇ ನಿಂತಿತ್ತು: ಜಾಲಿ ಒಂದು, ಕಗ್ಗಲಿ-ಸೀಗೆ ಇನ್ನೊಂದು, ಅಕೇಶಿಯಾ ಮತ್ತೊಂದು.

ಈ ಕ್ರಮಕ್ಕೆ ಒಂದು ದೊಡ್ಡ ಅಪವಾದವಿದೆ, ಬಳ್ಳಾರಿಜಾಲಿ. ಅಮೆರಿಕ ಖಂಡದ ಈ ಮರ 1870ರ ದಶಕದಲ್ಲಿ ಭಾರತದ ಬರಡುನೆಲಕ್ಕೆ ಬಂತು. ಗರಿಯೆಲೆ, ಮುಳ್ಳು, ಆಡು ತಿನ್ನುವ ಕಾಯಿ ಎಲ್ಲ ನೋಡಿ ಜನ ಅದನ್ನೂ ಜಾಲಿ ಎಂದರು. ಬಳ್ಳಾರಿ ಎಂಬ ಮಾತನ್ನು ಮುಂದಿಟ್ಟು ಹೊರಗಿನದು ಎಂದು ಗುರುತೂ ಹಾಕಿದರು. ಹೂವು ಮಾತ್ರ ಗುಂಡಲ್ಲ, ಹಳದಿ ತೆನೆ. ಸಸ್ಯಶಾಸ್ತ್ರದಲ್ಲಿ ಅದು ಜಾಲಿಯ ಕುಲದ್ದಲ್ಲ, ಬಹುಕಾಲ ‘ಪ್ರೊಸೋಪಿಸ್’ ಆಗಿತ್ತು. ಆ ಕುಲದ ಮಾದರಿ ನಮ್ಮ ಬನ್ನಿಮರ. 2022ರಲ್ಲಿ ಕಾಲಿನ್ ಹ್ಯೂಸ್ ಮತ್ತು ಸಂಗಡಿಗರು ಪ್ರೊಸೋಪಿಸನ್ನೂ ಒಡೆದರು. ಈ ಸಲ ಮಾದರಿ ಬದಲಾಗಲಿಲ್ಲ, ಬನ್ನಿಗೆ ಹಳೆಯ ಹೆಸರೇ ಉಳಿಯಿತು. ಬಳ್ಳಾರಿಜಾಲಿ ‘ನೆಲ್ಟುಮಾ’ ಕುಲಕ್ಕೆ ಹೋಯಿತು. ಸೆನೆಗಾಲಿಯಾ, ನೆಲ್ಟುಮಾ ಎರಡೂ ರಾಫಿನೆಸ್ಕ್ ಎಂಬವನು 1838ರಲ್ಲಿ ಇಟ್ಟ ಹೆಸರುಗಳು. ಅವನ ಹೆಸರುಗಳನ್ನು ವಿದ್ವಾಂಸರು ಬಹುಕಾಲ ಗಣನೆಗೇ ತೆಗೆದುಕೊಂಡಿರಲಿಲ್ಲ.

ಪದ ಮತ್ತು ವಿಜ್ಞಾನ ಒಂದೇ ಮೇಜಿನ ಕೆಲಸ ಎಂದು ಕನ್ನಡಕ್ಕೆ ತೋರಿಸಿದವರಲ್ಲಿ ಮುಂಚೂಣಿಯವರು ನಮ್ಮ ಬೆಳ್ಳಾವಿಯನ್ನೇ ಹೆಸರಿನ ಮುಂದೆ ಹೊತ್ತವರು. ಬೆಳ್ಳಾವೆ ವೆಂಕಟನಾರಣಪ್ಪನವರು (1872–1943) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ‘ವಿಜ್ಞಾನ’ ಪತ್ರಿಕೆ ನಡೆಸಿದರು. ‘ಜೀವವಿಜ್ಞಾನ’ ಎಂಬ ಗ್ರಂಥ ಬರೆದರು, 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದನೆಯ ಹೊಣೆ ಹೊತ್ತರು. ಪಂಪನ ಕಾವ್ಯವನ್ನೂ ಸಂಪಾದಿಸಿದ ಕೈ ಅದು. ಅಂಥವರ ಊರಿನ ಸುತ್ತ ಬೆಳೆದ ಮರದ ಹೆಸರನ್ನು ಸರಿಯಾಗಿ ಬರೆದಿಡುವ ಹೊಣೆ ಈಗ ನಮ್ಮದು.

ಅದಕ್ಕೆ ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿ ಇದ್ದು, ಜನರನ್ನೇ ಕೇಳಿ ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಮಾಡಬೇಕು. ಆ ಪುಸ್ತಕದಲ್ಲಿ ಬರಿಯ ‘ಜಾಲಿ’ ಎಂದು ಬರೆದರೆ ಸಾಲದು. ಕರಿಜಾಲಿ ಈ ನೆಲದ್ದು, ಕೆರೆ ಅಂಗಳದ ನೀರು ನಿಂತ ಜಾಗದಲ್ಲೂ ತಾಳಿ ಬದುಕುವಂಥದು, ಮಂದೆಯ ಮೇವು. ಬಳ್ಳಾರಿಜಾಲಿ ಗೋಮಾಳವನ್ನೇ ನುಂಗಿ ಬೇರೆ ಗಿಡ ಏಳದಂತೆ ಹಬ್ಬುವಂಥದು. ‘ಕೆರೆಯ ಜಾಲಿ ತೆರವು’ ಎಂಬ ಒಂದು ಸಾಲು ಕಾಗದದ ಮೇಲೆ ಬಿದ್ದರೆ ಗರಗಸಕ್ಕೆ ಇವೆರಡರ ಭೇದ ಗೊತ್ತಾಗುವುದಿಲ್ಲ. ಲ್ಯಾಟಿನ್ ಹೆಸರೊಂದನ್ನೇ ನೆಚ್ಚಿಕೊಂಡರೂ ತೊಂದರೆಯೇ, ಏಕೆಂದರೆ ಹಳೆಯ ಪುಸ್ತಕದಲ್ಲಿ ಅಕೇಶಿಯಾ, ಹೊಸದರಲ್ಲಿ ವಚೆಲಿಯಾ ಇರುತ್ತದೆ. ಓದುವವರಿಗೆ ಅವು ಎರಡು ಮರಗಳೆಂದು ತೋರಬಹುದು. ಕರಿಜಾಲಿ ಎಂಬ ಪೂರ್ತಿ ಹೆಸರು, ಗೊಬ್ಬಳಿ ಎಂಬ ಇನ್ನೊಂದು ಹೆಸರು, ಹಳೆಯ ಮತ್ತು ಇಂದಿನ ಲ್ಯಾಟಿನ್ ಹೆಸರು, ಮುಳ್ಳು, ಹೂವು, ಕಾಯಿಗಳ ಗುರುತು ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟರೆ ನಾಳೆ ಕುಲನಾಮ ಮತ್ತೊಮ್ಮೆ ಬದಲಾದರೂ ಮರ ದಾಖಲೆಯಿಂದ ತಪ್ಪಿಹೋಗದು. ಅದನ್ನು ಬರೆಯಲು ಕೂರುವವರು ಮೊದಲು ವಿಚಾರಿಸಬೇಕಾದದ್ದು ಊರಿನಲ್ಲಿ ಆಡುಕುರಿ ಮೇಯಿಸುವವರನ್ನು.