ತುಂಬುಗಾಯಿಗಾಗಿ ಮೆಣಸಿನಕಾಯಿಯ ತಿರುಳು ತೆಗೆಯುವ ಕೈ ಉಪಕರಣ: ಬಳಕೆಯ ವಿಧಾನ ಮತ್ತು ಸುರಕ್ಷತಾ ಕ್ರಮಗಳು

1. ಪೀಠಿಕೆ

ದೊಣ್ಣೆ ಮೆಣಸಿನಕಾಯಿಯ ಎಣ್ಣೆಗಾಯಿ, ಹೂರಣ ತುಂಬಿದ ಮೆಣಸಿನಕಾಯಿ ಬಜ್ಜಿ, ಮಸಾಲೆ ತುಂಬಿ ಒಣಗಿಸಿದ ಬಾಳಕದ ಮೆಣಸಿನಕಾಯಿ ಮುಂತಾದ ಪದಾರ್ಥಗಳನ್ನು ರಾಜ್ಯದ ಅನೇಕ ಕುಟುಂಬಗಳು ಹಾಗೂ ಸ್ತ್ರೀಶಕ್ತಿ ಮತ್ತು ಸ್ವಸಹಾಯ ಗುಂಪುಗಳು ಮನೆಬಳಕೆಗೂ ಮಾರಾಟಕ್ಕೂ ತಯಾರಿಸುತ್ತಿವೆ. ಈ ಎಲ್ಲ ತಯಾರಿಕೆಗಳಲ್ಲಿ ಕಾಯಿಯ ಒಳಗಿನ ಬೀಜ ಮತ್ತು ತಿರುಳನ್ನು ತೆಗೆಯುವುದು ಮೊದಲನೆಯ ಕೆಲಸ. ಮನೆಯಲ್ಲಿ ನಾಲ್ಕು ಕಾಯಿ ಸ್ವಚ್ಛಗೊಳಿಸುವಾಗ ಇದು ಅಲ್ಪ ಕೆಲಸವೆನಿಸಿದರೂ, ದಿನವೊಂದಕ್ಕೆ ನೂರಾರು ಕಾಯಿಗಳನ್ನು ಬಿಡಿಸುವವರಿಗೆ ಕೈ ಉರಿ, ಚಾಕುವಿನ ಗಾಯ ಮತ್ತು ಕಾಯಿ ಸೀಳಿಹೋಗಿ ಆಗುವ ನಷ್ಟ ದೊಡ್ಡ ತೊಂದರೆಗಳಾಗಿವೆ. ಕೈ ಉರಿಯಿಂದ ರಾತ್ರಿ ನಿದ್ದೆಗೆಟ್ಟು ಮರುದಿನದ ಕೂಲಿಯನ್ನು ಕಳೆದುಕೊಳ್ಳುವ ಪ್ರಸಂಗವೂ ಉಂಟು. ಈ ತೊಂದರೆಗಳನ್ನು ತಪ್ಪಿಸಲು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

2. ಮೆಣಸಿನಕಾಯಿಯ ಒಳರಚನೆ ಮತ್ತು ಖಾರದ ಮೂಲ

ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿದಾಗ ತೊಟ್ಟಿನ ಬುಡದಿಂದ ಇಳಿದಿರುವ ಬಿಳಿಯ ತಿರುಳು ಮತ್ತು ಅದಕ್ಕೆ ಅಂಟಿಕೊಂಡ ಬೀಜಗಳು ಕಾಣುತ್ತವೆ. ಖಾರ ಬೀಜದಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ಉತ್ಪತ್ತಿಯಾಗುವುದು ಈ ಬಿಳಿಯ ತಿರುಳಿನಲ್ಲಿ. ಬೀಜಗಳಿಗೆ ಅದು ಹೊರಗಿನಿಂದ ಲೇಪನವಾಗುತ್ತದೆಯಷ್ಟೆ. ಆದ್ದರಿಂದ ಬೀಜಗಳನ್ನು ಮಾತ್ರ ಉದುರಿಸಿ ತಿರುಳನ್ನು ಹಾಗೆಯೇ ಬಿಟ್ಟರೆ ಖಾರ ಕಡಿಮೆಯಾಗುವುದಿಲ್ಲ.

ದೊಣ್ಣೆ ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಇಲ್ಲವೆನ್ನುವಷ್ಟು ಅಲ್ಪ. 1912ರಲ್ಲಿ ವಿಲ್ಬರ್ ಸ್ಕೋವಿಲ್ ರೂಪಿಸಿದ ಖಾರದ ಅಳತೆಯಲ್ಲಿ ಅದರ ಸ್ಥಾನ ಸೊನ್ನೆ. ಬಜ್ಜಿ ಮೆಣಸಿನಕಾಯಿ ಸೌಮ್ಯ ಖಾರದ್ದಾಗಿದ್ದು, ಬಾಳಕಕ್ಕೆ ಬಳಸುವ ಕಾಯಿಗಳು ತಳಿಗೆ ಅನುಗುಣವಾಗಿ ಹೆಚ್ಚು ಖಾರವಾಗಿರುತ್ತವೆ. ಮುನ್ನೆಚ್ಚರಿಕೆಯ ಪ್ರಮಾಣವನ್ನು ಕಾಯಿಯ ತಳಿಯನ್ನು ನೋಡಿ ನಿರ್ಧರಿಸತಕ್ಕದ್ದು.

3. ಉಪಕರಣದ ಸ್ವರೂಪ ಮತ್ತು ಆಯ್ಕೆ

ತಿರುಳು ತೆಗೆಯುವ ಕೈ ಉಪಕರಣವು ಹಿಡಿಕೆಯೊಂದಕ್ಕೆ ಜೋಡಿಸಿದ, ಉದ್ದಕ್ಕೆ ಸೀಳಿದ ಕೊಳವೆಯಂತೆ ಬಾಗಿರುವ ಸ್ಟೀಲಿನ ಅಲಗು. ಅದರ ಅಂಚಿನಲ್ಲಿ ಗರಗಸದಂತಹ ಸಣ್ಣ ಹಲ್ಲುಗಳಿರುತ್ತವೆ. ಕಾಯಿಯ ಗೋಡೆಗೂ ತಿರುಳಿಗೂ ನಡುವೆ ತೂರಿಸಿ ತಿರುಗಿಸಿದಾಗ ತಿರುಳು ಬುಡದಿಂದ ಬಿಡಿಸಿಕೊಂಡು ಅಲಗಿನೊಳಗೆ ಕೂಡುತ್ತದೆ. ಖರೀದಿಸುವಾಗ ಕೆಳಕಂಡ ಅಂಶಗಳನ್ನು ಗಮನಿಸುವುದು.

* ಅಲಗು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಬೇಕು.
* ಅಲಗಿನ ಅಗಲ ಕಾಯಿಯ ಬಾಯಿಗಿಂತ ಕಿರಿದಾಗಿರಬೇಕು. ಬಜ್ಜಿ ಮೆಣಸಿನಕಾಯಿಗೆ ಕಿರಿದಾದುದು, ದೊಣ್ಣೆ ಮೆಣಸಿನಕಾಯಿಗೆ ಅಗಲವಾದುದು ಸೂಕ್ತ.
* ಹಿಡಿಕೆ ಒದ್ದೆ ಕೈಯಲ್ಲಿಯೂ ಜಾರದಂತಿರಬೇಕು. ಅಲಗು ಮತ್ತು ಹಿಡಿಕೆ ಸೇರುವಲ್ಲಿ ಸಂದು ಇರಬಾರದು. ಸಂದಿನಲ್ಲಿ ಸಿಕ್ಕಿದ ತಿರುಳು ಕೊಳೆಯುತ್ತದೆ.

ಉಪಕರಣ ದೊರೆಯದಿದ್ದಲ್ಲಿ ತೊಟ್ಟನ್ನು ಕತ್ತರಿಸಲು ಸಣ್ಣ ಚಾಕು ಮತ್ತು ತಿರುಳನ್ನು ಬಿಡಿಸಲು ಚಹಾ ಚಮಚದ ಹಿಡಿಕೆಯನ್ನು ಬಳಸಬಹುದು. ವಾರಾಣಸಿಯ ಕಡೆ ಉಪ್ಪಿನಕಾಯಿಗಾಗಿ ದಪ್ಪ ಕೆಂಪು ಮೆಣಸಿನಕಾಯಿಯನ್ನು ತುಂಬುವ ಮನೆಗಳಲ್ಲಿಯೂ ಚಮಚದ ಹಿಡಿಕೆಯ ಬಳಕೆ ಇದೆ. ಚೂಪು ಮೊನೆಯ ಉದ್ದ ಚಾಕುವನ್ನು ಕಾಯಿಯೊಳಗೆ ತೂರಿಸುವುದು ಅಪಾಯಕರ. ಅದು ಕಾಯಿಯನ್ನು ಭೇದಿಸಿ ಅಂಗೈಗೆ ನಾಟುವ ಸಂಭವವಿರುತ್ತದೆ.

4. ತಿರುಳು ತೆಗೆಯುವ ವಿಧಾನ

(ಅ) ಪೂರ್ವಸಿದ್ಧತೆ: ನೇರವಾದ, ಗಟ್ಟಿಯಾದ, ಕಲೆಯಿಲ್ಲದ ಕಾಯಿಗಳನ್ನು ಆರಿಸಬೇಕು. ಬಾಗಿದ ಕಾಯಿಯಲ್ಲಿ ಅಲಗು ಗೋಡೆಗೆ ತಾಗಿ ತೂತು ಬೀಳುತ್ತದೆ. ಕಾಯಿಗಳನ್ನು ತೊಟ್ಟು ಸಹಿತ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ಣ ಒಣಗಿದ ನಂತರವೇ ಕತ್ತರಿಸಬೇಕು.

(ಆ) ಬಜ್ಜಿ ಮೆಣಸಿನಕಾಯಿ:
1. ಕಾಯಿಯನ್ನು ಮಣೆಯ ಮೇಲೆ ಮಲಗಿಸಿ ತೊಟ್ಟಿನ ಕೆಳಗೆ ಅರ್ಧ ಸೆಂ.ಮೀ. ಅಂತರದಲ್ಲಿ ಕತ್ತರಿಸಬೇಕು. ಮುಚ್ಚಳವಾಗಿ ಬಳಸುವುದಿದ್ದಲ್ಲಿ ತೊಟ್ಟಿನ ಭಾಗವನ್ನು ಎತ್ತಿಡಬೇಕು.
2. ಕಾಯಿಯನ್ನು ಮಣೆಯ ಮೇಲೆಯೇ ಒಂದು ಕೈಯಿಂದ ಹಿಡಿಯಬೇಕು. ಅಲಗಿನ ಮೊನೆ ಅಂಗೈಯತ್ತ ಇರಕೂಡದು.
3. ಅಲಗನ್ನು ಗೋಡೆಗೆ ಸಮಾನಾಂತರವಾಗಿ ಒಳಗೆ ಇಳಿಸಿ, ಅತ್ತಿತ್ತ ಮೆಲ್ಲನೆ ತಿರುಗಿಸುತ್ತ ಒಂದು ಸುತ್ತು ಪೂರೈಸಬೇಕು. ತುದಿಗೆ ಒಂದು ಬೆರಳಿನಷ್ಟು ಅಂತರವಿರುವಾಗಲೇ ನಿಲ್ಲಿಸಬೇಕು.
4. ಅಲಗನ್ನು ತುಸು ತಿರುಚಿ ಹೊರಗೆಳೆದರೆ ತಿರುಳು ಬೀಜಸಹಿತ ಹೊರಬರುತ್ತದೆ.
5. ಕಾಯಿಯನ್ನು ಬೋರಲು ಹಿಡಿದು ಮಣೆಗೆ ತಟ್ಟಿ ಉಳಿದ ಬೀಜಗಳನ್ನು ಉದುರಿಸಬೇಕು. ಬಾಯಿಯಿಂದ ಊದಬಾರದು. ಖಾರದ ಕಣಗಳು ಕಣ್ಣು ಮೂಗುಗಳನ್ನು ಸೇರುತ್ತವೆ.

(ಇ) ದೊಣ್ಣೆ ಮೆಣಸಿನಕಾಯಿ: ತೊಟ್ಟಿನ ಸುತ್ತ ಅಲಗನ್ನು ಒತ್ತಿ ವೃತ್ತಾಕಾರವಾಗಿ ತಿರುಗಿಸಿ ತೊಟ್ಟನ್ನು ತಿರುಳಿನೊಂದಿಗೆ ಎಳೆದು ತೆಗೆಯಬೇಕು. ನಂತರ ಗೋಡೆಗೆ ಅಂಟಿದ ಬಿಳಿಯ ನರಗಳನ್ನು ಅಲಗಿನ ಪಕ್ಕದ ಅಂಚಿನಿಂದ ಕೆರೆಯಬೇಕು. ಕಾಯಿ ನೇರ ನಿಲ್ಲುವಂತೆ ತಳವನ್ನು ಸಮ ಮಾಡುವಾಗ ತೂತಾಗದಂತೆ ಎಚ್ಚರ ವಹಿಸಬೇಕು.

(ಈ) ಬಾಳಕದ ಮೆಣಸಿನಕಾಯಿ: ತೊಟ್ಟನ್ನು ಉಳಿಸಿಕೊಂಡು, ಎರಡೂ ತುದಿಗಳಲ್ಲಿ ಒಂದು ಸೆಂ.ಮೀ. ಬಿಟ್ಟು ಒಂದು ಪಕ್ಕದಲ್ಲಿ ಮಾತ್ರ ಸೀಳಬೇಕು. ಸೀಳಿನ ಮೂಲಕ ತಿರುಳನ್ನು ಕೆರೆದು ತೆಗೆಯಬಹುದು. ಖಾರ ಬೇಕೆನ್ನುವವರು ಸ್ವಲ್ಪ ಭಾಗವನ್ನು ಉಳಿಸಿಕೊಳ್ಳಬಹುದು.

ಎಣ್ಣೆಯಲ್ಲಿ ಕರಿಯುವ ಕಾಯಿಯ ಒಳಭಾಗವನ್ನು ತಿರುಳು ತೆಗೆದ ಮೇಲೆ ನೀರಿನಿಂದ ತೊಳೆಯಬಾರದು. ಉಳಿದ ನೀರು ಕಾದ ಎಣ್ಣೆಯನ್ನು ಸಿಡಿಸುತ್ತದೆ. ಸೀಳದೆ ಅಥವಾ ಚುಚ್ಚದೆ ಇಡಿಯಾಗಿ ಕರಿದ ಕಾಯಿಯಲ್ಲಿ ಹಬೆ ಕಟ್ಟಿಕೊಂಡು ಅದು ಒಡೆದು ಎಣ್ಣೆ ಹಾರುವ ಅಪಾಯವೂ ಇದೆ.

5. ಕೈ ಉರಿ: ಕಾರಣ, ತಡೆ ಮತ್ತು ಪ್ರಥಮ ಚಿಕಿತ್ಸೆ

ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯನ್ನು ಗುರುತಿಸುವ ನರಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೂಡ ಪ್ರಚೋದಿಸುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿದರು. ಈ ಕ್ಷೇತ್ರದ ಸಂಶೋಧನೆಗಾಗಿ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಹಂಚಿಕೊಂಡರು. ಬೆಂಕಿ ತಾಗದಿದ್ದರೂ ಕೈ ಸುಟ್ಟಂತೆ ಅನಿಸುವುದಕ್ಕೆ ಇದೇ ಕಾರಣ. ಬಿಸಿನೀರು ಅದೇ ಗ್ರಾಹಕವನ್ನು ಮತ್ತೆ ಕೆರಳಿಸುವುದರಿಂದ ಉರಿಯುವ ಕೈಯನ್ನು ಬಿಸಿನೀರಿನಲ್ಲಿ ಅದ್ದಬಾರದು.

ಮುನ್ನೆಚ್ಚರಿಕೆಗಳು:
* ಖಾರದ ಕಾಯಿಗಳನ್ನು ಬಿಡಿಸುವಾಗ ಕೈಗವಸು ಧರಿಸಬೇಕು. ಹರಿದ ಕೈಗವಸನ್ನು ಕೂಡಲೇ ಬದಲಿಸಬೇಕು.
* ಕೆಲಸದ ನಡುವೆ ಕಣ್ಣು, ಮೂಗು ಹಾಗೂ ಮುಖವನ್ನು ಮುಟ್ಟಬಾರದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ತೆಗೆದಿಟ್ಟು ಕೆಲಸಕ್ಕೆ ಕೂರಬೇಕು.
* ಶೌಚಕ್ಕೆ ಹೋಗುವ ಮೊದಲು ಮತ್ತು ನಂತರ ಎರಡೂ ಬಾರಿ ಕೈ ತೊಳೆಯಬೇಕು.
* ಹಾಲುಣಿಸುವ ತಾಯಂದಿರು ಕೈಗಳನ್ನು ಸಂಪೂರ್ಣ ಸ್ವಚ್ಛಗೊಳಿಸಿ, ಉಡುಪು ಬದಲಿಸಿದ ನಂತರವೇ ಮಗುವನ್ನು ಎತ್ತಿಕೊಳ್ಳಬೇಕು. ಈ ಕೆಲಸವನ್ನು ಮಕ್ಕಳಿಂದ ಮಾಡಿಸಬಾರದು.

ಕೈ ಉರಿಯಾದಲ್ಲಿ: ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದುದರಿಂದ ಮೊದಲು ಅಡುಗೆ ಎಣ್ಣೆಯನ್ನು ಕೈಗೆ ಸವರಿ ಬೆರಳ ಸಂದು ಮತ್ತು ಉಗುರಿನ ಅಂಚುಗಳನ್ನು ಉಜ್ಜಿ, ಬಟ್ಟೆಯಿಂದ ಒರೆಸಿ, ಬಳಿಕ ಪಾತ್ರೆ ತೊಳೆಯುವ ಸೋಪಿನಿಂದ ತಣ್ಣೀರಿನಲ್ಲಿ ತೊಳೆಯಬೇಕು. ಅಗತ್ಯವಿದ್ದಲ್ಲಿ ಪುನರಾವರ್ತಿಸಬೇಕು.

ಕಣ್ಣಿಗೆ ತಾಗಿದಲ್ಲಿ: ಉಜ್ಜಬಾರದು, ಎಣ್ಣೆ ಹಾಕಬಾರದು. ಶುದ್ಧ ತಣ್ಣೀರನ್ನು 15 ನಿಮಿಷಗಳ ಕಾಲ ನಿರಂತರ ಹರಿಸಬೇಕು. ನೋವು ಅಥವಾ ದೃಷ್ಟಿ ಮಂಜು ಮುಂದುವರಿದಲ್ಲಿ, ಅಥವಾ ಮಗುವಿನ ಕಣ್ಣಿಗೆ ತಾಗಿದಲ್ಲಿ, ವೈದ್ಯರನ್ನು ಕಾಣುವುದು ಕಡ್ಡಾಯ. ಉಸಿರಾಟದ ತೊಂದರೆ ಕಂಡುಬಂದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು.

6. ತುಂಬುವುದು, ಒಣಗಿಸುವುದು ಮತ್ತು ಸಂಗ್ರಹಣೆ

ಆಲೂಗಡ್ಡೆ, ಪನೀರ್ ಮುಂತಾದ ಬೇಯಿಸಿದ ಹೂರಣ ತುಂಬಿದ ಕಾಯಿಗಳನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು.

ಬಾಳಕಕ್ಕೆ ಕೊತ್ತಂಬರಿ, ಜೀರಿಗೆ, ಮೆಂತ್ಯ, ಇಂಗು ಮತ್ತು ಉಪ್ಪಿನ ಪುಡಿಯನ್ನು ತುಂಬಿ ಬಿಸಿಲಿನಲ್ಲಿ ತೆಳುಬಟ್ಟೆ ಹೊದಿಸಿ ಒಣಗಿಸಬೇಕು. ಇಬ್ಬನಿ ತಾಗದಂತೆ ರಾತ್ರಿ ಒಳಗಿಡಬೇಕು. ಮುರಿದಾಗ ಸದ್ದಾಗುವಂತೆ ಗರಿಗರಿಯಾದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು. ಸಾಮಾನ್ಯ ಒಣಮೆಣಸಿನಕಾಯಿಗೆ ಆಹಾರ ಗುಣಮಟ್ಟದ ನಿಯಮಗಳಲ್ಲಿ ತೇವಾಂಶದ ಮಿತಿ ತೂಕದ ಶೇ. 11 ಎಂಬುದು ಇಲ್ಲಿಯೂ ಉತ್ತಮ ಮಾರ್ಗದರ್ಶಿ. ಬೂಷ್ಟು ಹಿಡಿದ ಕಾಯಿಯನ್ನು ಒರೆಸಿ ಬಳಸಕೂಡದು. ಕೆಲವು ಬೂಷ್ಟುಗಳು ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರವಾಗಿದ್ದು, ಮನೆಯಲ್ಲಿ ಹುರಿಯುವುದರಿಂದ ಅಥವಾ ಕರಿಯುವುದರಿಂದ ಅದು ಪೂರ್ಣ ನಾಶವಾಗುವುದಿಲ್ಲ.

ಹಸಿಯಾಗಿ ತುಂಬಿದ ಕಾಯಿಯನ್ನು ಹುಳಿಯಿಲ್ಲದೆ ಕೇವಲ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಅಪಾಯಕರ. ಗಾಳಿಯಿಲ್ಲದ ಆ ಸ್ಥಿತಿಯಲ್ಲಿ ಬೊಟುಲಿಸಂ ಉಂಟುಮಾಡುವ ಸೂಕ್ಷ್ಮಾಣು ಬೆಳೆಯಬಲ್ಲದು. ಉಪ್ಪಿನಕಾಯಿಯಲ್ಲಿ ಉಪ್ಪಿನೊಂದಿಗೆ ನಿಂಬೆರಸ, ಆಮ್ಚೂರ್ ಅಥವಾ ವಿನೆಗರ್ ಸಾಕಷ್ಟಿರಬೇಕು.

7. ಉಪಕರಣದ ಶುಚಿತ್ವ

ಬಳಸಿದ ಕೂಡಲೇ ಉಪಕರಣವನ್ನು ಸೋಪು ಮತ್ತು ಬ್ರಷ್‌ನಿಂದ ಹಿಡಿಕೆಯ ಕಡೆಯಿಂದ ಮೊನೆಯ ಕಡೆಗೆ ತೊಳೆದು, ಒಣಗಿಸಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನೊರೆಯ ನೀರಿನೊಳಗೆ ಮುಳುಗಿಸಿಟ್ಟರೆ ಅರಿಯದೆ ಕೈಹಾಕಿದವರಿಗೆ ಗಾಯವಾಗುತ್ತದೆ. ಮೆಣಸಿನಕಾಯಿಗೆ ಬಳಸಿದ ಮಣೆಯನ್ನು ತೊಳೆಯದೆ ಹಣ್ಣು ಕತ್ತರಿಸಲು ಬಳಸಬಾರದು.

8. ಮಾರಾಟಕ್ಕಾಗಿ ತಯಾರಿಸುವವರ ಗಮನಕ್ಕೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಆಹಾರ ಪದಾರ್ಥವನ್ನು ಮಾರಾಟಕ್ಕಾಗಿ ತಯಾರಿಸುವವರು, ಮನೆಯಲ್ಲಿಯೇ ತಯಾರಿಸುತ್ತಿದ್ದರೂ, ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು. ಸಣ್ಣ ತಯಾರಕರಿಗೆ ನೋಂದಣಿ ಸಾಕಾಗುತ್ತದೆ. 2020ರಿಂದ ಅರ್ಜಿಗಳನ್ನು ಫಾಸ್ಕಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಸ್ವೀಕರಿಸಲಾಗುತ್ತಿದೆ. ಅರ್ಜಿದಾರರು ಭಾವಚಿತ್ರ, ಗುರುತಿನ ಪುರಾವೆ ಮತ್ತು ತಯಾರಿಕಾ ಸ್ಥಳದ ವಿವರಗಳನ್ನು ಸಿದ್ಧವಿಟ್ಟುಕೊಳ್ಳುವುದು. ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಬಳಸಿದ ಸಾಮಗ್ರಿಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ತಯಾರಕರ ಹೆಸರು ಮತ್ತು ವಿಳಾಸ, 14 ಅಂಕಿಗಳ ನೋಂದಣಿ ಸಂಖ್ಯೆ ಹಾಗೂ ಸಸ್ಯಾಹಾರದ ಹಸಿರು ಚಿಹ್ನೆ ಇರಬೇಕು.

ಕಿರು ಉದ್ಯಮವಾಗಿ ಗುರುತಿಸಿಕೊಳ್ಳಲು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭಿಸಿದ ಪ್ರಧಾನ ಮಂತ್ರಿ ಯೋಜನೆಯಂತಹ ಸಹಾಯಧನದ ಕಾರ್ಯಕ್ರಮಗಳು ನಿಗದಿತ ಅವಧಿಯವಾದ್ದರಿಂದ, ಯಂತ್ರೋಪಕರಣ ಖರೀದಿಗೆ ಮುಂಗಡ ನೀಡುವ ಮೊದಲು ಅರ್ಜಿ ಸ್ವೀಕಾರದ ಸ್ಥಿತಿಯನ್ನು ಜಿಲ್ಲಾ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಗುಂಪಿನ ಸದಸ್ಯರು ತಂತಮ್ಮ ಮನೆಗಳಲ್ಲಿ ತಿರುಳು ತೆಗೆದು ತರಬಹುದೇ?
ಉತ್ತರ: ಕತ್ತರಿಸಿದ ಕಾಯಿ ಬೇಗ ಕೆಡುವುದರಿಂದ ಒಂದೇ ಶುಚಿಯಾದ ಸ್ಥಳದಲ್ಲಿ ಬಿಡಿಸಿ ಅಂದೇ ತುಂಬುವುದು ಸೂಕ್ತ.

ಪ್ರಶ್ನೆ: ತೆಗೆದ ತಿರುಳು ಮತ್ತು ಬೀಜವನ್ನು ಏನು ಮಾಡಬೇಕು?
ಉತ್ತರ: ಶುಚಿಯಾಗಿದ್ದಲ್ಲಿ ಒಣಗಿಸಿ ಚಟ್ನಿಪುಡಿಗೆ ಬಳಸಬಹುದು. ಉಳಿದುದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಒಲೆಗೆ ಹಾಕಬಾರದು. ಅದರ ಘಾಟು ಉಸಿರಾಟಕ್ಕೆ ತೊಂದರೆಯುಂಟುಮಾಡುತ್ತದೆ.

ಪ್ರಶ್ನೆ: ಕೈ ಉರಿಗೆ ಮಜ್ಜಿಗೆ ಹಚ್ಚಬಹುದೇ?
ಉತ್ತರ: ತಾತ್ಕಾಲಿಕ ತಂಪು ದೊರೆಯುತ್ತದೆ. ಆದರೆ ಎಣ್ಣೆ ಮತ್ತು ಸೋಪಿನ ಕ್ರಮವನ್ನು ಬಿಡಬಾರದು. ಗುಳ್ಳೆ ಎದ್ದಲ್ಲಿ ಅಥವಾ ಚರ್ಮ ಬಿರಿದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಭೇಟಿ ನೀಡುವುದು.

ಆಹಾರ ನೋಂದಣಿಯ ಬಗ್ಗೆ ಹೆಚ್ಚಿನ ವಿವರಗಳಿಗಾಗಿ ಆಯಾ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗಳ ಕಛೇರಿಯನ್ನು ಕಛೇರಿಯ ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.