ಲಂಡನ್ನಿನಲ್ಲಿ ಜರ್ಮನ್ ಕೋಲು, ಮೈಸೂರಿನ ದುಡ್ಡು

(1/6)
ಫೋಟೋ ನಮ್ಮ ಅಪ್ಸರಕೊಂಡದ್ದು. ಕತೆ ಮಾತ್ರ ಬರ್ಲಿನ್, ಲಂಡನ್, ಮೈಸೂರಿಂದು. ಎರಡಕ್ಕೂ ಏನು ಸಂಬಂಧ ಅಂತ ಐದನೇ ಭಾಗದಲ್ಲಿ ಗೊತ್ತಾಗುತ್ತೆ, ಸ್ವೈಪ್ ಮಾಡ್ತಾ ಹೋಗಿ.

ಕತೆಯ ನಾಯಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಜರ್ಮನಿಯ ದೊಡ್ಡ ಕಂಡಕ್ಟರ್. ಕಂಡಕ್ಟರ್ ಅಂದ ಕೂಡಲೇ ಕುಮಟಾ ಬಸ್ಸು ನೆನಪಾದವರು ಕೈ ಎತ್ತಿ! ಇದು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್. ಯಕ್ಷಗಾನದಲ್ಲಿ ಭಾಗವತರು ಇದ್ದ ಹಾಗೆ ಅಂದುಕೊಳ್ಳಿ. ಯಾವಾಗ ಏರಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಅವರ ಕೈಯಲ್ಲಿ. ಒಂದೇ ವ್ಯತ್ಯಾಸ, ಭಾಗವತರು ತಾಳ ಹಿಡಿದು ತಾವೇ ಹಾಡ್ತಾರೆ. ಕಂಡಕ್ಟರ್ ಸಣ್ಣ ಕೋಲು ಹಿಡಿದು ನಿಲ್ತಾರೆ, ಒಂದು ಸ್ವರವನ್ನೂ ತಾವು ನುಡಿಸಲ್ಲ.

(2/6)
ಹುಟ್ಟಿದ್ದು 1886ರ ಜನವರಿ 25, ಬರ್ಲಿನ್‌ನಲ್ಲಿ. ಅಪ್ಪ ಪುರಾತತ್ವ ವಿದ್ವಾಂಸ, ಅಮ್ಮ ಚಿತ್ರಕಲಾವಿದೆ. 20ನೇ ವಯಸ್ಸಿಗೇ ಮ್ಯೂನಿಕ್‌ನಲ್ಲಿ ಮೊದಲ ಬಾರಿ ಆರ್ಕೆಸ್ಟ್ರಾ ನಡೆಸಿದರು. ಆಮೇಲೆ ಲ್ಯೂಬೆಕ್, ಮ್ಯಾನ್‌ಹೈಮ್. 1922ರಲ್ಲಿ, 36ನೇ ವಯಸ್ಸಲ್ಲಿ, ಬರ್ಲಿನ್ ಫಿಲ್‌ಹಾರ್ಮೋನಿಕ್ ಅವರ ಕೈಗೆ ಬಂತು. ಅವರ ಕೋಲಿನ ಸನ್ನೆ ಸ್ಪಷ್ಟ ಇರ್ತಿರಲಿಲ್ಲ, ಕೈ ನಡುಗಿದ ಹಾಗೆ ಕಾಣ್ತಿತ್ತು ಅಂತ ಪ್ರಸಿದ್ಧಿ. ಆದರೆ ಆ ಅಸ್ಪಷ್ಟತೆಯಿಂದಲೇ ವಾದಕರು ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳಬೇಕಾಗ್ತಿತ್ತು. ನಾದ ದಪ್ಪವಾಗಿ, ಆಳವಾಗಿ ಬರ್ತಿತ್ತು.

(3/6)
1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಕಲಾವಿದರನ್ನ ಹೊರಗೆ ಹಾಕೋದು ಶುರುವಾಯ್ತು. ಫುರ್ಟ್‌ವೆಂಗ್ಲರ್ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. 1934ರ ನವೆಂಬರ್‌ನಲ್ಲಿ, ಸರ್ಕಾರಕ್ಕೆ ಆಗದ ಸಂಗೀತಗಾರ ಹಿಂಡೆಮಿತ್ ಪರವಾಗಿ ಪತ್ರಿಕೆಯಲ್ಲಿ ಲೇಖನ ಬರೆದರು. ಗಲಾಟೆ ಆಯ್ತು. ಡಿಸೆಂಬರ್‌ನಲ್ಲಿ ಎಲ್ಲ ಹುದ್ದೆಗೂ ರಾಜೀನಾಮೆ ಕೊಡಬೇಕಾಯ್ತು. (ಅದೇ 1934ರಲ್ಲಿ ಇಲ್ಲಿ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ರು!)

ಇಲ್ಲಿಗೇ ಕತೆ ಮುಗಿದಿದ್ರೆ ಅವರು ಹೀರೋ. ಮುಗಿಲಿಲ್ಲ. 1935ರಲ್ಲಿ ಮತ್ತೆ ವೇದಿಕೆಗೆ ಬಂದರು. 1936ರಲ್ಲಿ ನ್ಯೂಯಾರ್ಕ್‌ನಿಂದ ಕರೆ ಬಂತು. ಅಲ್ಲಿ ವಿರೋಧ ಎದ್ದಿದ್ದರಿಂದ ಹೋಗಲಿಲ್ಲ. 1942ರ ಏಪ್ರಿಲ್‌ನಲ್ಲಿ ಹಿಟ್ಲರ್ ಹುಟ್ಟುಹಬ್ಬದ ಮುನ್ನಾದಿನ ಬೀಥೋವನ್‌ನ ಒಂಬತ್ತನೇ ಸಿಂಫನಿ ನಡೆಸಿದರು. ಮನುಷ್ಯರೆಲ್ಲ ಅಣ್ತಮ್ಮಂದಿರು ಅಂತ ಸಾರುವ ಕೃತಿ ಅದು! ಕೊನೆಗೆ ಗೋಬೆಲ್ಸ್ ಬಂದು ಕೈ ಕುಲುಕಿದ್ದು ಫಿಲ್ಮ್‌ನಲ್ಲಿ ಉಳಿದಿದೆ.

(4/6)
ಅವರು ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ. ಎಷ್ಟೋ ಯಹೂದಿ ವಾದಕರಿಗೆ ಸಹಾಯ ಮಾಡಿದ್ದರು. 1945ರ ಶುರುವಿನಲ್ಲಿ ಸ್ವಿಟ್ಜರ್‌ಲೆಂಡಿಗೆ ತಪ್ಪಿಸಿಕೊಂಡರು. ಯುದ್ಧ ಮುಗಿದ ಮೇಲೆ, 1946ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ವಿಚಾರಣೆ ನಡೆದು ಆರೋಪದಿಂದ ಮುಕ್ತರಾದರು. 1947ರ ಮೇ ತಿಂಗಳಲ್ಲಿ ಮತ್ತೆ ಕೋಲು ಹಿಡಿದರು. ಆದರೂ 1949ರಲ್ಲಿ ಷಿಕಾಗೋ ಆರ್ಕೆಸ್ಟ್ರಾ ಅವರನ್ನ ಕರೆಸೋಕೆ ಹೊರಟಾಗ ದೊಡ್ಡ ದೊಡ್ಡ ಕಲಾವಿದರು ವಿರೋಧಿಸಿದರು, ಕರೆ ರದ್ದಾಯ್ತು. ಕೋರ್ಟು ಬಿಟ್ಟರೂ ಜನ ಬಿಡಲಿಲ್ಲ.

(5/6)
ಈಗ ಮೈಸೂರು ಬರುತ್ತೆ 😊
ಜಯಚಾಮರಾಜ ಒಡೆಯರ್ ನಮಗೆ ಗೊತ್ತಿರೋದು ಶ್ರೀವಿದ್ಯಾ ಅಂಕಿತದ 94 ಕೃತಿಗಳಿಂದ. ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚೂ ಅಷ್ಟೇ ಇತ್ತು. ಅರಮನೆಯಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವಂತೆ! ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ದುಡ್ಡಿನ ಆಸರೆ ಕೊಟ್ಟವರು ಇವರೇ.

1950ರ ಮೇ 22, ರಾಯಲ್ ಆಲ್ಬರ್ಟ್ ಹಾಲ್. ಹಿಂದಿನ ವರ್ಷ ತೀರಿಕೊಂಡಿದ್ದ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ನಾಲ್ಕು ಕೊನೆಯ ಹಾಡುಗಳ ಮೊದಲ ಪ್ರದರ್ಶನ. ಹಾಡಿದ್ದು ನಾರ್ವೆಯ ಕಿರ್ಸ್‌ಟೆನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ನಷ್ಟವಾಗದಂತೆ 4,800 ಡಾಲರ್ ಜವಾಬ್ದಾರಿ ಹೊತ್ತವರು ಮೈಸೂರು ಮಹಾರಾಜರು. ಅವರು ಅಲ್ಲಿಗೆ ಹೋಗೋಕಾಗಲಿಲ್ಲ. ರೆಕಾರ್ಡಿಂಗ್ ಮೈಸೂರಿಗೆ ಬಂತು.

ನಾಲ್ಕರಲ್ಲಿ ಒಂದು ಹಾಡು ಸಂಜೆಗೆಂಪಿನ ಬಗ್ಗೆ. ಜೀವನವಿಡೀ ಜೊತೆಗೆ ನಡೆದ ಇಬ್ಬರು ದಣಿದು ಮುಳುಗುವ ಬೆಳಕನ್ನ ನೋಡ್ತಾ ನಿಂತ ಹಾಡು. ಅದಕ್ಕೇ ಅಪ್ಸರಕೊಂಡದ ಗುಡ್ಡದ ಮೇಲಿನ ಸೂರ್ಯಾಸ್ತದ ಫೋಟೋ.

(6/6)
ಒಂದು ವಿಷಯ ಗಮನಿಸಿ. ಐದು ವರ್ಷದ ಹಿಂದಿನ ತನಕ ಜರ್ಮನ್ ಬಾಂಬು ಬೀಳ್ತಿದ್ದ ಊರು ಲಂಡನ್. ಅಲ್ಲಿ ಜರ್ಮನ್ ಹಾಡು, ಜರ್ಮನ್ ಕಂಡಕ್ಟರ್. ಬ್ರಿಟಿಷರಿಂದ ಆಗಷ್ಟೇ ಬಿಡಿಸಿಕೊಂಡ ದೇಶದಿಂದ ದುಡ್ಡು. ಇನ್ನೊಂದು ಮಾತು: ನಾಜಿ ಸರ್ಕಾರದ ಸಂಗೀತ ಮಂಡಳಿಗೆ ಸ್ಟ್ರಾಸ್ ಅಧ್ಯಕ್ಷ, ಫುರ್ಟ್‌ವೆಂಗ್ಲರ್ ಉಪಾಧ್ಯಕ್ಷ ಆಗಿದ್ದವರು.

ಫುರ್ಟ್‌ವೆಂಗ್ಲರ್ 1954ರ ನವೆಂಬರ್ 30ರಂದು ತೀರಿಕೊಂಡರು. ಜರ್ಮನ್ ಸಂಗೀತ ಉಳಿಸೋಕೆ ದೇಶದಲ್ಲೇ ಉಳಿದೆ ಅನ್ನೋದು ಅವರ ವಾದ. ನನಗನ್ನಿಸೋದು: ಅವರು ಜನರನ್ನ ಕಾಪಾಡಿದ್ದೂ ನಿಜ, ಆ ಕೈ ಕುಲುಕಿದ್ದೂ ನಿಜ. ಒಂದರ ಲೆಕ್ಕದಲ್ಲಿ ಇನ್ನೊಂದನ್ನ ಕಳೆಯೋಕಾಗಲ್ಲ. ಒಳ್ಳೆ ಸಂಗೀತ ಕೆಟ್ಟ ಸರ್ಕಾರಕ್ಕೂ ಚಂದದ ಮುಖ ಕೊಡುತ್ತೆ, ಕೋಲು ಹಿಡಿದವರು ಬಯಸಲಿ, ಬಿಡಲಿ.

ನೀವಾಗಿದ್ರೆ ಉಳೀತಿದ್ರಾ, ಹೋಗ್ತಿದ್ರಾ? ಕಮೆಂಟಲ್ಲಿ ಹೇಳಿ. ಮುಂದಿನ ಸರಣಿ: ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನ ನಮ್ಮ ಮಹಾರಾಜರಿಗೆ ಅರ್ಪಿಸಿದ ರಷ್ಯನ್ ಸಂಗೀತಕಾರ ಮೆಟ್ನರ್.

#ಇತಿಹಾಸ #ಮೈಸೂರು #ಅಪ್ಸರಕೊಂಡ #ಹೊನ್ನಾವರ