ಅಂಗನವಾಡಿ ಟೀಚರಿಗೂ ಬೇಕು ಆಸರೆ

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಊರಿನಲ್ಲಿ ಪುಟ್ಟ ಮಗುವೊಂದು ಇದ್ದಕ್ಕಿದ್ದಂತೆ ಮಂಕಾದರೆ ಅಂಗನವಾಡಿ ಟೀಚರ್ ಯಾರನ್ನು ಕೇಳಬೇಕು?

1949ರ ಸುಮಾರಿಗೆ ಇಸ್ರೇಲಿನಲ್ಲಿ ಮನೋವೈದ್ಯ ಜೆರಾಲ್ಡ್ ಕ್ಯಾಪ್ಲಾನ್ ಅವರ ಸಣ್ಣ ತಂಡಕ್ಕೆ ಸುಮಾರು 16,000 ವಲಸೆ ಮಕ್ಕಳ ಹೊಣೆ ಬಿತ್ತು. ಒಬ್ಬೊಬ್ಬರಿಗೂ ಚಿಕಿತ್ಸೆ ಕೊಡಲಾಗದೆ, ಮಕ್ಕಳನ್ನು ನೋಡಿಕೊಳ್ಳುವವರ ಜೊತೆಗೇ ಕೂತು ಸಮಾಲೋಚಿಸುವ ಪದ್ಧತಿ ಬೆಳೆಯಿತು.

ನಮ್ಮಲ್ಲಿ ನಿಮ್ಹಾನ್ಸ್ ಇದಕ್ಕೆ ಹತ್ತಿರದ ಹಾದಿ ಹಿಡಿಯಿತು. 1970ರ ದಶಕದಲ್ಲಿ ಬೆಂಗಳೂರು ಬಳಿಯ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು ಕಲಿಸಿತು. ಅದೇ ದಶಕದಲ್ಲಿ, 1975ರ ಅಕ್ಟೋಬರ್ 2ರಂದು, ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಆರಂಭವಾಯಿತು. ಅದರ ಆರು ಸೇವೆಗಳಲ್ಲಿ ಪೌಷ್ಟಿಕ ಆಹಾರ, ಚುಚ್ಚುಮದ್ದು, ಶಾಲಾಪೂರ್ವ ಶಿಕ್ಷಣ ಇದ್ದವು; ಮನಸ್ಸಿನ ಆರೋಗ್ಯಕ್ಕೆ ಪ್ರತ್ಯೇಕ ಜಾಗವಿರಲಿಲ್ಲ.

ಮಗುವಿನ ತೂಕ ಇಳಿದರೆ ತಕ್ಕಡಿ ಹೇಳುತ್ತದೆ. ಮನಸ್ಸು ಕುಗ್ಗಿದರೆ ಗುರುತಿಸಬೇಕಾದವರು ಟೀಚರೇ. ಅವರ ಅಳುಕು, ದಣಿವನ್ನು ಕೇಳಿಸಿಕೊಂಡು ಸಲಹೆ ಕೊಡುವವರು ಆಗಾಗ ಅಂಗನವಾಡಿಗೇ ಬರಬೇಕು.